ಉಪಗ್ರಹಗಳ ಹಿಂದೆ ಒಬ್ಬ ಮೇಷ್ಟ್ರು: ಸತೀಶ್ ಧವನ್

ಹೋದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಮಾಡಿದ ಒಂದು ಎಡವಟ್ಟಿನಿಂದ ಈ ಲೇಖನ ಶುರುವಾಗುತ್ತದೆ. ನಮ್ಮ ಮಿನಿ ಪ್ರಾಜೆಕ್ಟ್ ಏನಪ್ಪಾ ಅಂದ್ರೆ ಬಸ್ಸಿನಲ್ಲಿ ಇಡಬಹುದಾದ ಒಂದು ಚಿಕ್ಕ ಟ್ರ್ಯಾಕರ್. ಪೋಸ್ಟರ್ ಮೇಲೆ ದೊಡ್ಡಕ್ಷರದಲ್ಲಿ ‘ನಾವಿಕ್’ ಅಂತ ಬರೆದಿದ್ವಿ. ನಮ್ಮದೇ ದೇಶದ ನ್ಯಾವಿಗೇಷನ್ ಉಪಗ್ರಹ ಬಳಸ್ತಿದ್ದೀವಿ ಅಂತ ಹೆಮ್ಮೆ ಬೇರೆ. ರಿವ್ಯೂ ದಿನ ಎದುರಿಗೆ ಕೂತವರು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಮಾಡ್ಯೂಲ್ ಯಾವ ಬ್ಯಾಂಡ್ ಹಿಡಿಯುತ್ತೆ ಅಂತ. ನಮ್ಮ ಹತ್ರ ಇದ್ದದ್ದು ಎಲ್1 ಮಾತ್ರ ಹಿಡಿಯೋ ಅಗ್ಗದ ಜಿಪಿಎಸ್ ಮಾಡ್ಯೂಲ್. ನಾವಿಕ್‌ನ ಮೊದಲ ಸರಣಿಯ ಉಪಗ್ರಹಗಳು ಸಿಗ್ನಲ್ ಕಳಿಸೋದು ಎಲ್5 ಮತ್ತು ಎಸ್ ಬ್ಯಾಂಡಿನಲ್ಲಿ. ಅಂದ್ರೆ ನಮ್ಮ ಪೋಸ್ಟರಿನ ಶೀರ್ಷಿಕೆಯೇ ಸುಳ್ಳು. ಆ ಕ್ಷಣದಲ್ಲಿ ನಾವು ಮೂರು ಜನ ಒಟ್ಟಿಗೆ ಮಾಡಿದ ಏಕೈಕ ಕೆಲಸ ಅಂದ್ರೆ, ಮಾಡ್ಯೂಲ್ ಕೊಂಡು ತಂದ ನಾಲ್ಕನೆಯವನ ಕಡೆ ತಿರುಗಿ ನೋಡಿದ್ದು. ನೋಡಿದ್ದಷ್ಟೇ ಅಲ್ಲ, ಅದನ್ನು ಕೊಂಡದ್ದು ಇವನು ಅಂತ ಬಾಯಿಬಿಟ್ಟು ಹೇಳಿಯೂ ಬಿಟ್ವಿ.

ಅದಾದ ಮೇಲೆ ಅವನು ನಮ್ಮ ಜೊತೆ ಮಾತು ಕಮ್ಮಿ ಮಾಡಿದ. ಆದ್ರೆ ಅರಸೀಕೆರೆಗೆ ರೈಲು ಟಿಕೆಟ್ ಮೊದಲೇ ಬುಕ್ ಆಗಿತ್ತು. ಅರಸೀಕೆರೆ, ಹಳೇಬೀಡು, ಬೇಲೂರು ನೋಡಿಕೊಂಡು ಹಾಸನದ ಮೂಲಕ ವಾಪಸ್ ಬರೋದು ನಮ್ಮ ಪ್ಲಾನ್. ಅವನೂ ಬಂದ. ಕಿಟಕಿ ಪಕ್ಕ ಕೂತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ. ಉಳಿದ ಮೂವರು ದಾರಿಯುದ್ದಕ್ಕೂ ಮೊಬೈಲಿನಲ್ಲಿ ಓದಿದ್ದು, ಬಂದ ಮೇಲೆ ಲೈಬ್ರರಿಯಲ್ಲಿ ಹುಡುಕಿದ್ದು, ಎಲ್ಲಾ ಸೇರಿ ಒಬ್ಬ ಮನುಷ್ಯನ ಕತೆಯಾಯ್ತು. ಅವರೇ ಸತೀಶ್ ಧವನ್. ಶ್ರೀಹರಿಕೋಟದ ರಾಕೆಟ್ ಉಡಾವಣಾ ಕೇಂದ್ರಕ್ಕೆ ಅವರ ಹೆಸರಿದೆ ಅನ್ನೋದು ನಮಗೆ ಕ್ವಿಜ್ ಪ್ರಶ್ನೆಯಾಗಿ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ನಾವು ಹುಟ್ಟೋದಕ್ಕೆ ಮೊದಲೇ ಅವರು ತೀರಿಕೊಂಡಿದ್ದರು.

ಅರಸೀಕೆರೆಯಲ್ಲಿ ಇಳಿದರೆ ಮೊದಲು ಕಾಣೋದು ತೆಂಗು. ಕೊಬ್ಬರಿ ವ್ಯಾಪಾರದ ಊರು ಅದು. ಊರಿನ ಹೊಯ್ಸಳರ ಕಾಲದ ಶಿವಾಲಯಕ್ಕೆ ನಕ್ಷತ್ರದ ಆಕಾರದ ಮಂಟಪ ಇದೆ, ಬೇಲೂರಿನಷ್ಟು ಜನ ಬರಲ್ಲ, ನೆಮ್ಮದಿಯಾಗಿ ನೋಡಬಹುದು. ನಾವು ಅಲ್ಲಿ ಕೂತು ಎಳನೀರು ಕುಡಿಯುವಾಗ ಓದಿದ ಒಂದು ವಿಷಯ ನಮಗೆ ಮಜಾ ಅನ್ನಿಸ್ತು. ಭಾರತದ ದೂರಸಂವೇದನೆ, ಅಂದ್ರೆ ಮೇಲಿನಿಂದ ಫೋಟೋ ತೆಗೆದು ನೆಲದ ಆರೋಗ್ಯ ಹೇಳುವ ವಿದ್ಯೆ, ಶುರುವಾದದ್ದು ತೆಂಗಿನ ಮರದಿಂದಲೇ. 1970ರ ಸುಮಾರಿಗೆ ಕೇರಳದ ತೆಂಗಿನ ತೋಟಗಳಿಗೆ ಬೇರು ಸೊರಗು ರೋಗ ಬಂದಿತ್ತು. ಪಿ. ಆರ್. ಪಿಶಾರಟಿ ಅನ್ನೋ ಹವಾಮಾನ ವಿಜ್ಞಾನಿಯ ತಂಡ ಹೆಲಿಕಾಪ್ಟರ್ ಹತ್ತಿ ಇನ್ಫ್ರಾರೆಡ್ ಫಿಲ್ಮಿನಲ್ಲಿ ಆ ತೋಟಗಳ ಫೋಟೋ ತೆಗೆಯಿತು. ಆರೋಗ್ಯವಾಗಿರೋ ಎಲೆ ನಮ್ಮ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನು ಜೋರಾಗಿ ಪ್ರತಿಫಲಿಸುತ್ತೆ, ಕಾಯಿಲೆ ಬಿದ್ದ ಎಲೆ ಕಮ್ಮಿ ಪ್ರತಿಫಲಿಸುತ್ತೆ. ಆ ಫಿಲ್ಮಿನಲ್ಲಿ ಚೆನ್ನಾಗಿರೋ ಮರ ಕೆಂಪಗೆ ಹೊಳೆಯುತ್ತೆ, ಸೊರಗಿದ್ದು ಮಂಕಾಗಿ ಕಾಣುತ್ತೆ. ರೈತನ ಕಣ್ಣಿಗೆ ಬೀಳುವ ಮೊದಲೇ ಕ್ಯಾಮೆರಾಗೆ ರೋಗ ಗೊತ್ತಾಗಬಹುದು. ಹೆಲಿಕಾಪ್ಟರ್ ಜಾಗದಲ್ಲಿ ಉಪಗ್ರಹ ಇಟ್ಟರೆ ಅದೇ ಇವತ್ತಿನ ಭೂವೀಕ್ಷಣೆ.

ಈ ಯೋಚನೆಗಳ ಹಿಂದೆ ಇದ್ದವರು ವಿಕ್ರಂ ಸಾರಾಭಾಯಿ. 1971ರ ಡಿಸೆಂಬರ್ 30ರಂದು ಅವರು ಕೋವಳಂನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡರು. ಇನ್ನೂ 52 ವರ್ಷ. ಕನಸು ಅಷ್ಟೂ ಕಾಗದದ ಮೇಲಿತ್ತು, ಉಪಗ್ರಹ ಒಂದೂ ಇರಲಿಲ್ಲ. ಇನ್ನು ಮುಂದೆ ಯಾರು ಅನ್ನೋ ಪ್ರಶ್ನೆಗೆ ದೆಹಲಿ ಹುಡುಕಿದ ಉತ್ತರ ಧವನ್. ಅವರು ಆಗ ಅಮೆರಿಕದಲ್ಲಿ ಪಾಠ ಮಾಡ್ತಾ ಇದ್ದರು.

ಧವನ್ ಹುಟ್ಟಿದ್ದು 1920ರ ಸೆಪ್ಟೆಂಬರ್ 25ರಂದು, ಶ್ರೀನಗರದಲ್ಲಿ. ಓದಿದ್ದು ಲಾಹೋರಿನಲ್ಲಿ. ಅವರ ಡಿಗ್ರಿಗಳ ಪಟ್ಟಿ ನೋಡಿದರೆ ನಮ್ಮ ಕಾಲದ ಕೌನ್ಸೆಲಿಂಗ್‌ನವರು ತಲೆ ಕೆರೆದುಕೊಳ್ಳಬೇಕು: ಗಣಿತ ಮತ್ತು ಭೌತಶಾಸ್ತ್ರದಲ್ಲಿ ಬಿ.ಎ., ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಆಮೇಲೆ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಬಿ.ಇ. ಪಿಯುಸಿಯಲ್ಲಿ ಕನ್ನಡ ತಗೊಳ್ಳೋಕೇ ಮಾರ್ಕ್ಸ್ ಲೆಕ್ಕ ಹಾಕಿದವರು ನಾವು! ಅಲ್ಲಿಂದ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯ, 1947ರಲ್ಲಿ ಏರೋನಾಟಿಕಲ್ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್. ಅದೇ ವರ್ಷ ದೇಶ ಇಬ್ಭಾಗವಾಗಿ ಅವರು ಓದಿದ ಲಾಹೋರ್ ಬೇರೆ ದೇಶದ್ದಾಯ್ತು. ನಂತರ ಕ್ಯಾಲ್‌ಟೆಕ್, ಹ್ಯಾನ್ಸ್ ಲೀಪ್‌ಮನ್ ಅವರ ಕೈಕೆಳಗೆ 1951ರಲ್ಲಿ ಪಿಎಚ್.ಡಿ.

ಆ ಪಿಎಚ್.ಡಿ. ಬಗ್ಗೆ ಮೆಕ್ಯಾನಿಕಲ್‌ನವರು ಒಂದು ನಿಮಿಷ ಕೇಳಬೇಕು. ಗಾಳಿ ಒಂದು ತಟ್ಟೆಯ ಮೇಲೆ ಹರಿದಾಗ ಮೇಲ್ಮೈಯನ್ನು ಎಳೆಯುತ್ತೆ, ಅದೇ ಸ್ಕಿನ್ ಫ್ರಿಕ್ಷನ್. ನಾವು ಬೌಂಡರಿ ಲೇಯರ್ ಚಾಪ್ಟರಿನಲ್ಲಿ ಫಾರ್ಮುಲಾ ಬಾಯಿಪಾಠ ಮಾಡಿ ಇದರ ಸಮಸ್ಯೆ ಬಿಡಿಸ್ತೀವಿ. ಸಾಮಾನ್ಯವಾಗಿ ಇದನ್ನು ವೇಗದ ಅಳತೆಗಳಿಂದ ಲೆಕ್ಕ ಹಾಕಿ ಹೇಳ್ತಾರೆ. ಧವನ್ ಅದನ್ನು ನೇರವಾಗಿ ಅಳೆದರು. ತಟ್ಟೆಯ ಒಂದು ಸಣ್ಣ ತುಂಡನ್ನು ಬೇರೆ ಮಾಡಿ, ಸುತ್ತ ಕೂದಲಷ್ಟು ಸಂದು ಬಿಟ್ಟು, ಅದು ತೇಲುವ ಹಾಗೆ ನಿಲ್ಲಿಸಿ, ಗಾಳಿ ಅದನ್ನು ಎಷ್ಟು ಬಲದಿಂದ ಎಳೆಯಿತು ಅಂತ ಓದೋದು. ಹೇಳೋಕೆ ಸುಲಭ. ತುಂಡು ಸ್ವಲ್ಪ ಮೇಲೆದ್ದರೂ, ಸ್ವಲ್ಪ ಕುಸಿದರೂ ಅಳತೆ ಕೆಟ್ಟುಹೋಗುತ್ತೆ. ಶಬ್ದಕ್ಕಿಂತ ಕಡಿಮೆ ವೇಗದಲ್ಲೂ ಹೆಚ್ಚು ವೇಗದಲ್ಲೂ ಅವರು ಅದನ್ನು ಮಾಡಿ ತೋರಿಸಿದರು. ಲೆಕ್ಕದಲ್ಲಿ ಸರಿ ಇದ್ದರೆ ಸಾಲದು, ತಟ್ಟೆಯನ್ನೇ ಕೇಳಬೇಕು ಅನ್ನೋ ಈ ಸ್ವಭಾವ ಅವರ ಮುಂದಿನ ಕೆಲಸದಲ್ಲೆಲ್ಲಾ ಕಾಣುತ್ತೆ ಅಂತ ನಮಗೆ ಅನ್ನಿಸುತ್ತೆ. ನಾವು ಡೇಟಾಶೀಟ್ ತೆಗೆದು ಎಲ್1 ಎಲ್5 ನೋಡಿದ್ದರೆ ಸಾಕಿತ್ತು, ಅದೂ ಮಾಡಲಿಲ್ಲ.

1951ರಲ್ಲಿ ಅವರು ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರೆ ನಮ್ಮೆಲ್ಲರ ಟಾಟಾ ಇನ್‌ಸ್ಟಿಟ್ಯೂಟ್ ಸೇರಿದರು. ಅಮೆರಿಕದಲ್ಲಿ ಓದಿದ ದೊಡ್ಡ ಟನೆಲ್‌ಗಳು ಇಲ್ಲಿರಲಿಲ್ಲ. ಸಿಕ್ಕ ದುಡ್ಡಿನಲ್ಲಿ ಸಣ್ಣದಾಗಿ ಸೂಪರ್‌ಸಾನಿಕ್ ವಿಂಡ್ ಟನೆಲ್ ಕಟ್ಟಿ, ವಿದ್ಯಾರ್ಥಿಗಳನ್ನು ಅದರ ಸುತ್ತ ನಿಲ್ಲಿಸಿ ಕೆಲಸ ಕಲಿಸಿದರು. 1955ಕ್ಕೆ ಏರೋನಾಟಿಕಲ್ ವಿಭಾಗದ ಮುಖ್ಯಸ್ಥ, 1962ರಲ್ಲಿ ಇಡೀ ಸಂಸ್ಥೆಯ ನಿರ್ದೇಶಕ. ವಯಸ್ಸು 42 ಕೂಡ ಆಗಿರಲಿಲ್ಲ ಅಥವಾ ಆಗಷ್ಟೇ ಆಗಿತ್ತು. ಆ ಕುರ್ಚಿಯಲ್ಲಿ 1981ರ ತನಕ ಕೂತರು. ಆ ಕಾಲದಲ್ಲಿ ಅಲ್ಲಿ ಆದದ್ದನ್ನೆಲ್ಲ ಬರೆದರೆ ಇನ್ನೊಂದು ಲೇಖನ ಬೇಕು. ಜಿ. ಎನ್. ರಾಮಚಂದ್ರನ್, ಸಿ. ಎನ್. ಆರ್. ರಾವ್ ಅಂಥವರು ಬಂದರು. ಕಂಪ್ಯೂಟರ್, ವಾತಾವರಣ ವಿಜ್ಞಾನ, ಪರಿಸರ ವಿಜ್ಞಾನ ಎಲ್ಲಾ ಆಗಲೇ ಬೇರು ಬಿಟ್ಟವು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ಮಾಡೋಕೆ ಅಂತಲೇ ಅಮೂಲ್ಯ ರೆಡ್ಡಿ ಅವರ ‘ಅಸ್ತ್ರ’ ಘಟಕ 1974ರಲ್ಲಿ ಶುರುವಾಯ್ತು. ಗಾಳಿಯ ಬಗ್ಗೆ ಪಿಎಚ್.ಡಿ. ಮಾಡಿದ ಮನುಷ್ಯ ಸೌದೆ ಒಲೆಯ ಸಂಶೋಧನೆಗೂ ಜಾಗ ಕೊಟ್ಟರು.

ಈಗ 1971ರ ಕೊನೆಗೆ ವಾಪಸ್ ಬರೋಣ. ಧವನ್ ರಜೆ ಹಾಕಿ ಕ್ಯಾಲ್‌ಟೆಕ್‌ಗೆ ಹೋಗಿ ಪಾಠ, ಸಂಶೋಧನೆ ಮಾಡ್ತಿದ್ದರು. ಇಂದಿರಾ ಗಾಂಧಿ ಅವರ ಸಂದೇಶ ಬಂತು, ಬಾಹ್ಯಾಕಾಶ ಕಾರ್ಯಕ್ರಮ ವಹಿಸಿಕೊಳ್ಳಬೇಕು ಅಂತ. ಪ್ರಧಾನಿ ಕರೆದರೆ ಯಾರಾದರೂ ಮುಂದಿನ ವಿಮಾನ ಹತ್ತುತ್ತಾರೆ. ಧವನ್ ಕೆಲವು ಮಾತು ಇಟ್ಟರು. ಒಪ್ಪಿಕೊಂಡ ಪಾಠ ಮುಗಿಸಿಯೇ ಬರೋದು. ಟಾಟಾ ಇನ್‌ಸ್ಟಿಟ್ಯೂಟ್ ನಿರ್ದೇಶಕನಾಗಿಯೂ ಮುಂದುವರಿಯೋದು. ಬಾಹ್ಯಾಕಾಶ ಕಾರ್ಯಕ್ರಮದ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇರಬೇಕು. ಇಂದಿರಾ ಒಪ್ಪಿದರು. ಮಧ್ಯದ ತಿಂಗಳುಗಳಲ್ಲಿ ಎಂ. ಜಿ. ಕೆ. ಮೆನನ್ ಕೆಲಸ ನೋಡಿಕೊಂಡರು, 1972ರಲ್ಲಿ ಧವನ್ ಬಂದು ಕೂತರು.

ಬೆಂಗಳೂರು ಇವತ್ತು ‘ಸ್ಪೇಸ್ ಸಿಟಿ’ ಅಂತ ಹೇಳಿಕೊಳ್ಳುತ್ತೆ, ನಮ್ಮ ಸೀನಿಯರ್‌ಗಳು ಅಲ್ಲಿ ಇಂಟರ್ನ್‌ಶಿಪ್‌ಗೆ ಅಲೆಯುತ್ತಾರೆ. ಅದರ ಹಿಂದೆ ಒಬ್ಬ ಪ್ರೊಫೆಸರ್ ತನ್ನ ಕಾಲೇಜು ಬಿಟ್ಟು ಬರಲ್ಲ ಅಂದದ್ದೂ ಒಂದು ಕಾರಣ. ಎರಡು ದೊಡ್ಡ ಸಂಸ್ಥೆಗಳನ್ನು ಒಬ್ಬರೇ ನಡೆಸೋದು ಸರಿನಾ ಅಂತ ನಮ್ಮೊಳಗೆ ವಾದ ಆಯ್ತು. ಇವತ್ತು ಯಾರಾದರೂ ಹಾಗೆ ಮಾಡಿದರೆ ನಾವೇ ಬೈತೀವಿ. ಆದ್ರೆ ಲ್ಯಾಬ್ ಮತ್ತು ಇಸ್ರೋ ಒಂದೇ ಊರಲ್ಲಿ, ಒಬ್ಬರ ಕೈಯಲ್ಲಿ ಇದ್ದದ್ದರಿಂದ ಉಪಗ್ರಹದ ಕಷ್ಟದ ಪ್ರಶ್ನೆಗಳು ಸೀದಾ ಪ್ರೊಫೆಸರ್‌ಗಳ ಹತ್ರ ಹೋದವು, ರಿವ್ಯೂ ಕಮಿಟಿಯಲ್ಲಿ ಹೊರಗಿನವರು ಕೂತು ಪ್ರಶ್ನೆ ಕೇಳೋದು ರೂಢಿಯಾಯ್ತು. ಇಸ್ರೋದಲ್ಲಿ ರಿವ್ಯೂ ಅಂದ್ರೆ ಇವತ್ತಿಗೂ ದೊಡ್ಡ ವಿಷಯ. ನಮಗಂತೂ ಆ ಪದ ಕೇಳಿದರೆ ಹೊಟ್ಟೆಯಲ್ಲಿ ಏನೋ ಆಗುತ್ತೆ.

ಮೊದಲ ಉಪಗ್ರಹ ತಯಾರಾದದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ತಂಡದ ಮುಖ್ಯಸ್ಥರು ನಮ್ಮ ಉಡುಪಿ ಕಡೆಯ ಯು. ಆರ್. ರಾವ್. ತಗಡಿನ ಶೆಡ್ಡು, ಹೊಸದಾಗಿ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು. ಅಲ್ಲೊಂದು ಶೌಚಾಲಯವನ್ನೇ ಮಾಹಿತಿ ಪಡೆಯೋ ಕೋಣೆ ಮಾಡಿಕೊಂಡಿದ್ದರು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಮೇಲೆ ‘ಆರ್ಯಭಟ’ ಹೋಯ್ತು, 360 ಕೆ.ಜಿ. ಕೆಲವೇ ದಿನಕ್ಕೆ ಪವರ್ ಸಪ್ಲೈ ಕೈಕೊಟ್ಟು ವೈಜ್ಞಾನಿಕ ಪ್ರಯೋಗಗಳು ನಿಂತವು. ಆದ್ರೆ ಉಪಗ್ರಹ ಕಟ್ಟೋದು ಹೇಗೆ ಅನ್ನೋದು ಆ ಹುಡುಗರಿಗೆ ಬಂದುಬಿಟ್ಟಿತ್ತು.

ಅದರ ಹಿಂದೆಯೇ ನೆಲ ನೋಡುವ ಉಪಗ್ರಹ. ‘ಭಾಸ್ಕರ-1’ ಹೋದದ್ದು 1979ರ ಜೂನ್ 7ರಂದು. ಎರಡು ಟಿವಿ ಕ್ಯಾಮೆರಾ, ಜೊತೆಗೆ ಸಮುದ್ರದ ಮೇಲಿನ ತೇವಾಂಶ ಅಳೆಯೋ ಮೈಕ್ರೋವೇವ್ ರೇಡಿಯೋಮೀಟರ್. ಚಿತ್ರದಲ್ಲಿ ಒಂದು ಚುಕ್ಕಿ ಅಂದ್ರೆ ನೆಲದ ಮೇಲೆ ಒಂದು ಕಿಲೋಮೀಟರ್. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನ, ಪಕ್ಕದ ದೋರಸಮುದ್ರ ಕೆರೆಯ ಒಂದು ಭಾಗ, ನಾವು ಊಟ ಮಾಡಿದ ಹೋಟೆಲ್ಲು ಎಲ್ಲಾ ಸೇರಿ ಒಂದು ಚುಕ್ಕಿ! ಅದೂ ಸುಲಭಕ್ಕೆ ಸಿಗಲಿಲ್ಲ. ಕ್ಯಾಮೆರಾದೊಳಗೆ ಸಿಕ್ಕಿಕೊಂಡ ಗಾಳಿಯಿಂದ ಹೈವೋಲ್ಟೇಜ್ ಭಾಗದಲ್ಲಿ ಕಿಡಿ ಹಾರುವ ಅಪಾಯ ಅಂತ ಅನುಮಾನ ಬಂತು. ನೆಲದ ಮೇಲಿದ್ದರೆ ಬಿಚ್ಚಿ ನೋಡಬಹುದು, ಮೇಲಿರೋದನ್ನು ಏನು ಮಾಡ್ತೀರ? ಕಾದರು. ಗಾಳಿ ತಾನಾಗೇ ಸೋರಿ ಹೋಗಲಿ ಅಂತ ಸುಮಾರು ಒಂದು ವರ್ಷ ಸುಮ್ಮನಿದ್ದು ಆಮೇಲೆ ಸ್ವಿಚ್ ಹಾಕಿದರು, ಚಿತ್ರ ಬಂತು. ವೋಲ್ಟೇಜ್ ಹಾಕಿ ಐದು ನಿಮಿಷಕ್ಕೆ ಎಲ್‌ಇಡಿ ಹತ್ತದಿದ್ದರೆ ಬೋರ್ಡ್ ಬದಲಾಯಿಸೋ ನಮಗೆ ಇದು ನಂಬೋಕೆ ಕಷ್ಟ. ‘ಭಾಸ್ಕರ-2’ 1981ರ ನವೆಂಬರ್ 20ರಂದು ಹೋಯ್ತು.

ಚುಕ್ಕಿ ದೊಡ್ಡದಿದ್ದರೂ ಧವನ್ ಅವರ ಕಾಲದಲ್ಲಿ ಇನ್ನೊಂದು ಮುಖ್ಯ ಕೆಲಸ ಆಯ್ತು. ಚಿತ್ರ ಯಾರಿಗೆ ಬೇಕು ಅನ್ನೋದನ್ನು ಮೊದಲು ಕೇಳಿಕೊಂಡದ್ದು. ಕೃಷಿ, ಅರಣ್ಯ, ನೀರಾವರಿ, ಭೂಗರ್ಭ ಇಲಾಖೆಗಳನ್ನು ಕೂರಿಸಿ, ನಿಮಗೆ ಏನು ಕಾಣಬೇಕು, ಎಷ್ಟು ದಿನಕ್ಕೊಮ್ಮೆ ಕಾಣಬೇಕು ಅಂತ ಕೇಳಿ, ಅದಕ್ಕೆ ತಕ್ಕ ಉಪಗ್ರಹ ಯೋಜಿಸೋದು. ಅದರಿಂದ ಬಂದದ್ದೇ ಐಆರ್‌ಎಸ್ ಸರಣಿ. ಅದರ ಮೊದಲನೆಯದು ಐಆರ್‌ಎಸ್-1ಎ, 1988ರ ಮಾರ್ಚ್ 17ರಂದು ಹೋದಾಗ ಕುರ್ಚಿಯಲ್ಲಿ ಯು. ಆರ್. ರಾವ್ ಇದ್ದರು. ಆದ್ರೆ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು, ಬೇಸಾಯ ಆಗಿದ್ದು ಧವನ್ ಕಾಲದಲ್ಲಿ. ಅದರ ಒಂದು ಕ್ಯಾಮೆರಾದ ಚುಕ್ಕಿ 36 ಮೀಟರ್. ಈಗ ದೋರಸಮುದ್ರ ಕೆರೆ ಕೆರೆಯಾಗೇ ಕಾಣುತ್ತೆ, ನೀರು ಎಷ್ಟು ಹಿಂದೆ ಸರಿದಿದೆ ಅಂತ ಅಂಚು ಎಣಿಸಬಹುದು. ಹಳೇಬೀಡಿನಲ್ಲಿ ನಾವು ಆ ಕೆರೆ ಏರಿ ಮೇಲೆ ಸಂಜೆ ತನಕ ಕೂತಿದ್ವಿ. ಒಂದು ರಾಜಧಾನಿಯನ್ನೇ ಸಾಕಿದ ಕೆರೆ ಅದು. ಮಳೆ ಇಲ್ಲದ ವರ್ಷ ಅದರ ನೀರು ಎಷ್ಟು ತಗ್ಗಿತು ಅನ್ನೋದು ಊರಿನವರಿಗೆ ಕಣ್ಣಿಗೇ ಕಾಣುತ್ತೆ. ರಾಜ್ಯದ ಸಾವಿರಾರು ಕೆರೆಗಳದ್ದು ಒಟ್ಟಿಗೆ ಗೊತ್ತಾಗಬೇಕಾದರೆ ಮಾತ್ರ ಮೇಲಿನಿಂದಲೇ ನೋಡಬೇಕು.

ಮಾರನೇ ದಿನ ಅಲ್ಲಿಂದ 16 ಕಿಲೋಮೀಟರ್ ದೂರದ ಬೇಲೂರಿಗೆ ಹೋದ್ವಿ. ಚೆನ್ನಕೇಶವ ದೇವಸ್ಥಾನದಲ್ಲಿ ಗೈಡ್ ಒಬ್ಬರು ಒಂದು ವಿಷಯ ತೋರಿಸಿದರು: ಕೆಲವು ವಿಗ್ರಹಗಳ ಕೆಳಗೆ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಸುಮಾರು 900 ವರ್ಷದ ಹಿಂದಿನ ಸಹಿ. ಚೆನ್ನಾಗಿ ಬಂದ ಕೆಲಸದ ಕೆಳಗೆ ಹೆಸರು ಹಾಕೋದು ಯಾರಿಗೂ ಖುಷಿಯೇ, ಅದರಲ್ಲಿ ತಪ್ಪೇನಿಲ್ಲ. ಕೆಟ್ಟುಹೋದ ಕೆಲಸದ ಕೆಳಗೆ ಹೆಸರು ಹಾಕಿದವರು ಯಾರಾದರೂ ಇದ್ದಾರಾ ಅಂತ ನಾವು ನಾವೇ ತಮಾಷೆ ಮಾಡಿಕೊಂಡ್ವಿ. ನಾಲ್ಕನೆಯವನು ನಗಲಿಲ್ಲ.

ಅಂಥವರು ಇದ್ದರು. ಈ ಕತೆ ನೀವೆಲ್ಲಾ ವಾಟ್ಸಾಪಿನಲ್ಲಿ ಓದಿರ್ತೀರಿ, ಆದ್ರೂ ವಿವರವಾಗಿ ಹೇಳ್ತೀವಿ, ಯಾಕಂದ್ರೆ ಫಾರ್ವರ್ಡ್‌ನಲ್ಲಿ ಅರ್ಧವೇ ಇರುತ್ತೆ. 1979ರ ಆಗಸ್ಟ್ 10. ಭಾರತದ ಮೊದಲ ಉಪಗ್ರಹ ವಾಹಕ ಎಸ್‌ಎಲ್‌ವಿ-3 ಶ್ರೀಹರಿಕೋಟದಲ್ಲಿ ನಿಂತಿತ್ತು. 22 ಮೀಟರ್ ಎತ್ತರ, 17 ಟನ್ ತೂಕ. ಪ್ರಾಜೆಕ್ಟ್ ನಿರ್ದೇಶಕ ಎ. ಪಿ. ಜೆ. ಅಬ್ದುಲ್ ಕಲಾಂ. ಕೊನೆಯ ನಿಮಿಷಗಳಲ್ಲಿ ಕಂಪ್ಯೂಟರ್ ಉಡಾವಣೆಯನ್ನು ತಡೆಹಿಡಿಯಿತು. ಕಂಟ್ರೋಲ್ ಸಿಸ್ಟಮ್‌ನಲ್ಲಿ ಸೋರಿಕೆ ಇತ್ತು. ತಜ್ಞರು ಲೆಕ್ಕ ನೋಡಿ ಪರವಾಗಿಲ್ಲ, ಇಂಧನ ಸಾಕಷ್ಟಿದೆ ಅಂದರು, ಕಲಾಂ ಕಂಪ್ಯೂಟರ್ ಮಾತನ್ನು ಪಕ್ಕಕ್ಕಿಟ್ಟು ಮುಂದುವರಿದರು. ಇದನ್ನು ಕಲಾಂ ಅವರೇ ಮುಂದೆ ಎಷ್ಟೋ ಸಭೆಗಳಲ್ಲಿ ಹೇಳಿಕೊಂಡಿದ್ದಾರೆ. ಮೊದಲ ಹಂತ ಚೆನ್ನಾಗಿ ಉರಿಯಿತು. ಎರಡನೇ ಹಂತದಲ್ಲಿ ನಿಯಂತ್ರಣ ತಪ್ಪಿತು. ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು.

ಹೊರಗೆ ಪತ್ರಕರ್ತರು ಕಾಯ್ತಿದ್ದರು. ದುಡ್ಡು ಸಮುದ್ರಕ್ಕೆ ಹಾಕಿದಿರಿ ಅನ್ನೋ ಥರದ ಪ್ರಶ್ನೆಗಳು ಬರೋದು ಗ್ಯಾರಂಟಿ. ತೀರ್ಮಾನ ತಗೊಂಡದ್ದು ಕಲಾಂ, ಅವರನ್ನು ಮುಂದೆ ಬಿಟ್ಟಿದ್ದರೂ ಯಾರೂ ತಪ್ಪು ಹೇಳ್ತಿರಲಿಲ್ಲ. ಧವನ್ ಕಲಾಂ ಅವರನ್ನು ಕರೆದುಕೊಂಡು ಹೋಗಿ ತಾವೇ ಮಾತಾಡಿದರು. ಸೋತದ್ದು ಹೌದು, ಈ ತಂಡದ ಮೇಲೆ ತಮಗೆ ನಂಬಿಕೆ ಇದೆ, ಒಂದು ವರ್ಷದೊಳಗೆ ಮತ್ತೆ ಪ್ರಯತ್ನಿಸಿ ಗೆಲ್ಲುತ್ತಾರೆ ಅಂತ ಹೇಳಿದರು. 1980ರ ಜುಲೈ 18ರಂದು ಎಸ್‌ಎಲ್‌ವಿ-3 ಮತ್ತೆ ಹಾರಿ 35 ಕೆ.ಜಿ.ಯ ‘ರೋಹಿಣಿ’ಯನ್ನು ಕಕ್ಷೆಗೆ ಸೇರಿಸಿತು. ಆ ದಿನ ಪತ್ರಕರ್ತರ ಮುಂದೆ ಹೋಗಿ ಮಾತಾಡು ಅಂತ ಕಲಾಂ ಅವರನ್ನು ಕಳಿಸಿ ಧವನ್ ಹಿಂದೆ ಉಳಿದರು.

ಫಾರ್ವರ್ಡ್ ಇಲ್ಲಿಗೆ ಮುಗಿಯುತ್ತೆ. ಅದರಲ್ಲಿ ಇರದಿರೋದು ಆ ಎರಡು ತಾರೀಖುಗಳ ಮಧ್ಯದ 11 ತಿಂಗಳು. ವೈಫಲ್ಯದ ಪರಿಶೀಲನೆ ಆಯ್ತು. ಎರಡನೇ ಹಂತದ ಕಂಟ್ರೋಲ್ ಸಿಸ್ಟಮ್‌ನ ನೈಟ್ರಿಕ್ ಆಮ್ಲ ಒಂದು ವಾಲ್ವ್‌ನಿಂದ ಸೋರಿ ಖಾಲಿಯಾಗಿತ್ತು ಅಂತ ಪತ್ತೆ ಮಾಡಿದರು. ಹೊರಗಿನವರ ಮುಂದೆ ಹುಡುಗರನ್ನು ಕಾಪಾಡಿದ ಮನುಷ್ಯ ಒಳಗೆ ವಾಲ್ವ್‌ನ ವಿಷಯವನ್ನು ಮುಚ್ಚಿಹಾಕಲಿಲ್ಲ. ಇದು ಬೇರೆ ಬೇರೆ ಎರಡು ಕೆಲಸ ಅನ್ನೋದು ನಮಗೆ ಗೊತ್ತಿರಲಿಲ್ಲ. ನಾವು ರಿವ್ಯೂನಲ್ಲಿ ಉಲ್ಟಾ ಮಾಡಿದ್ವಿ: ಹೊರಗಿನವರ ಮುಂದೆ ಗೆಳೆಯನನ್ನು ತೋರಿಸಿದ್ವಿ, ಒಳಗೆ ಕೂತು ಮಾಡ್ಯೂಲ್ ಪಟ್ಟಿಯನ್ನು ನಾಲ್ಕೂ ಜನ ಯಾಕೆ ಓದದೆ ಸಹಿ ಹಾಕಿದೆವು ಅಂತ ಮಾತಾಡಲೇ ಇಲ್ಲ.

ಬೇಲೂರಿನಿಂದ ಬಸ್ಸಿನಲ್ಲಿ ಹಾಸನಕ್ಕೆ ಬಂದ್ವಿ. ದೇವಸ್ಥಾನ ನೋಡಲು ಬರುವವರಿಗೆ ಹಾಸನ ಬಸ್ ಬದಲಾಯಿಸೋ ಊರು ಅಷ್ಟೇ. ಆದ್ರೆ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ, ಎಂಸಿಎಫ್. ಅನುಮತಿ ಇಲ್ಲದೆ ಒಳಗೆ ಹೋಗೋ ಹಾಗಿಲ್ಲ, ಹೊರಗಿನಿಂದಲೇ ನೋಡಿ ಬಂದ್ವಿ. ರಾಕೆಟ್ ಹಾರೋದು ಶ್ರೀಹರಿಕೋಟದಿಂದ, ಕ್ಯಾಮೆರಾಗಳೆಲ್ಲಾ ಅಲ್ಲಿ. ಆದ್ರೆ ರಾಕೆಟ್‌ನ ಕೆಲಸ 20 ನಿಮಿಷಕ್ಕೆ ಮುಗಿಯುತ್ತೆ. ಆಮೇಲೆ ಆ ಉಪಗ್ರಹವನ್ನು 36,000 ಕಿ.ಮೀ. ಎತ್ತರದ ಕಕ್ಷೆಗೆ ಏರಿಸಿ, ಸೌರಫಲಕ ಬಿಚ್ಚಿಸಿ, ಹತ್ತು ಹದಿನೈದು ವರ್ಷ ಹಗಲು ರಾತ್ರಿ ಕಾಯೋದು ಹಾಸನದವರು. ಸಿಗ್ನಲ್ ಹೋಗಿ ಬರೋಕೆ ಸುಮಾರು ಕಾಲು ಸೆಕೆಂಡ್ ಬೇಕು. ಕಷ್ಟಕ್ಕೆ ಸಿಕ್ಕ ಉಪಗ್ರಹವನ್ನು ಮುಟ್ಟೋಕೆ ಇರೋ ಕೈ ಅಂದ್ರೆ ಆ ಸಿಗ್ನಲ್ ಒಂದೇ.

ಈ ಕೇಂದ್ರ ಶುರುವಾದದ್ದು 1982ರಲ್ಲಿ, ಧವನ್ ಕಾಲದಲ್ಲೇ. ಮೊದಲ ಅತಿಥಿ ಇನ್ಸಾಟ್-1ಎ. ಟಿವಿ, ಟೆಲಿಫೋನ್ ಜೊತೆಗೆ ಮೋಡಗಳ ಚಿತ್ರ ತೆಗೆಯೋ ಕ್ಯಾಮೆರಾ ಕೂಡ ಇದ್ದ ಉಪಗ್ರಹ. ಕಟ್ಟಿದ್ದು ಅಮೆರಿಕದ ಕಂಪನಿ, ಏಪ್ರಿಲ್ 10ರಂದು ಹಾರಿತು. ಶುರುವಿನಿಂದಲೇ ಒಂದಲ್ಲ ಒಂದು ತೊಂದರೆ. ಒಂದು ಆಂಟೆನಾ ಬಿಚ್ಚಿಕೊಳ್ಳೋಕೆ ಸತಾಯಿಸಿತು, ಸಮತೋಲನಕ್ಕೆ ಅಂತ ಇದ್ದ ಸೌರ ಹಾಯಿ ಬಿಚ್ಚಲೇ ಇಲ್ಲ. ಅದನ್ನು ನೇರವಾಗಿ ಹಿಡಿದಿಡೋದಕ್ಕೇ ಇಂಧನ ಸುರಿಯಬೇಕಾಯ್ತು. ಸೆಪ್ಟೆಂಬರ್‌ನಲ್ಲಿ ಇಂಧನ ಮುಗಿದು ಇನ್ಸಾಟ್-1ಎ ಕತೆ ಮುಗಿಯಿತು. ಹೊಸ ಕೇಂದ್ರ, ಹೊಸ ಆಂಟೆನಾಗಳು, ಎದುರಿಗೆ ಸತ್ತ ಉಪಗ್ರಹ. ಆ ವಾರ ಹಾಸನದಲ್ಲಿ ಡ್ಯೂಟಿಗೆ ಹೋದವರ ಮನಸ್ಸು ಹೇಗಿತ್ತೋ.

ಮುಂದಿನ ವರ್ಷ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಇನ್ಸಾಟ್-1ಬಿ ಹೋಯ್ತು. ಅದರ ಸೌರಫಲಕವೂ ಸಿಕ್ಕಿಕೊಂಡಿತು! ಮತ್ತೆ ಅದೇ ಕತೆನಾ ಅಂತ ಎಲ್ಲರಿಗೂ ಅನ್ನಿಸಿರಬೇಕು. ವಾರಗಟ್ಟಲೆ ಕಮಾಂಡ್ ಕಳಿಸಿ, ಉಪಗ್ರಹವನ್ನು ಆ ಕಡೆ ಈ ಕಡೆ ತಿರುಗಿಸಿ ಕಡೆಗೂ ಬಿಚ್ಚಿಸಿದರು. 1983ರ ಅಕ್ಟೋಬರ್‌ನಿಂದ ಅದು ಕೆಲಸ ಶುರು ಮಾಡಿ ಏಳು ವರ್ಷ ಬದುಕಿತು. ನಮ್ಮ ಅಪ್ಪ ಅಮ್ಮ ಚಿಕ್ಕವರಿದ್ದಾಗ ಊರಿಗೆ ಟಿವಿ ಬಂತು ಅಂತ ಹೇಳ್ತಾರಲ್ಲ, ಆ ಟಿವಿಯ ಚಿತ್ರ ಇಳಿದದ್ದು ಇದರಿಂದ. ಚಂಡಮಾರುತ ಬರುತ್ತಿದೆ ಅಂತ ಸುದ್ದಿಯಲ್ಲಿ ಮೋಡದ ಸುರುಳಿ ತೋರಿಸೋಕೆ ಶುರುವಾದದ್ದೂ ಇದರಿಂದ.

ಧವನ್ 1984ರಲ್ಲಿ ಇಸ್ರೋ ಬಿಟ್ಟರು. ಆಮೇಲೆ ಅವರು ಹೆಚ್ಚು ನೋಡಿದ್ದು ಹಕ್ಕಿಗಳನ್ನು. ಶ್ರೀಹರಿಕೋಟದ ಪಕ್ಕದಲ್ಲೇ ಪುಲಿಕಾಟ್ ಸರೋವರ ಇದೆ, ರಾಜಹಂಸಗಳು ಬರುತ್ತವೆ. ಇಸ್ರೋ ಅಧ್ಯಕ್ಷರಾಗಿದ್ದವರು ಅಲ್ಲಿ ಹಕ್ಕಿ ಹೇಗೆ ರೆಕ್ಕೆ ಬೀಸುತ್ತೆ, ಹೇಗೆ ಇಳಿಯುತ್ತೆ ಅಂತ ನೋಡಿದರು. 1991ರಲ್ಲಿ ಹಕ್ಕಿಯ ಹಾರಾಟದ ಏರೋಡೈನಮಿಕ್ಸ್ ಬಗ್ಗೆ ಅವರ ಇಂಗ್ಲಿಷ್ ಪುಸ್ತಕ ಬಂತು. ತಟ್ಟೆಯ ಮೇಲಿನ ಗಾಳಿಯಿಂದ ಶುರು ಮಾಡಿದವರು ಗರಿಯ ಮೇಲಿನ ಗಾಳಿಗೆ ಬಂದರು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಶ್ರೀಹರಿಕೋಟ ಕೇಂದ್ರಕ್ಕೆ ಅವರ ಹೆಸರಿಟ್ಟರು.

ನಾವಿಕ್ ಅನ್ನು ಅವರು ನೋಡಲಿಲ್ಲ. ಅದರ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ ಹೋದದ್ದು 2013ರ ಜುಲೈ 1ರಂದು. ಆ ಉಪಗ್ರಹಗಳನ್ನೂ ಕಾಯೋದು ಹಾಸನವೇ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರ ಇದೆ, ಯಾಕಂದ್ರೆ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ನೆಲದ ಮೇಲೆ 300 ಮೀಟರ್ ತಪ್ಪುತ್ತೆ. ನೀವು ಬೇಲೂರು ದೇವಸ್ಥಾನದ ಒಳಗಿದ್ದರೆ ಮ್ಯಾಪು ನಿಮ್ಮನ್ನು ಹೊರಗಿನ ಬೀದಿಯಲ್ಲಿ ತೋರಿಸುತ್ತೆ. ಮೊದಲ ಉಪಗ್ರಹದ ಗಡಿಯಾರಗಳು ಮೂರೂ ಕೆಟ್ಟವು. ಅದರ ಬದಲಿಗೆ 2017ರ ಆಗಸ್ಟ್‌ನಲ್ಲಿ ಕಳಿಸಿದ್ದು ರಾಕೆಟ್‌ನ ಶಾಖ ಕವಚ ತೆರೆಯದೆ ಒಳಗೇ ಉಳಿಯಿತು. ಹೊಸ ಸರಣಿಯ ಎನ್‌ವಿಎಸ್-01, 2023ರ ಮೇ 29ರಂದು ಸರಿಯಾಗಿ ಹೋಯ್ತು, ಅದರಲ್ಲಿ ಎಲ್1 ಬ್ಯಾಂಡ್ ಕೂಡ ಇದೆ. 2025ರ ಜನವರಿ 29ರಂದು ಹೋದ ಎನ್‌ವಿಎಸ್-02 ವಾಲ್ವ್ ತೆರೆಯದೆ ಬೇಕಾದ ಕಕ್ಷೆಗೆ ಏರಲಿಲ್ಲ. ಮತ್ತೆ ವಾಲ್ವ್. ಆ ಸುದ್ದಿ ಬಂದ ದಿನ ನಮ್ಮ ಹಾಸ್ಟೆಲ್ ಗ್ರೂಪಿನಲ್ಲಿ ಮೀಮ್ ಹಾಕಿ ನಕ್ಕವರಲ್ಲಿ ನಾವೂ ಇದ್ವಿ.

ಹಳೇಬೀಡಿನಲ್ಲಿ ಕೂತಾಗ ನಡೆದದ್ದು ಒಂದು ಹೇಳೋದು ಉಳಿದಿದೆ. ಕೆರೆ ಏರಿ ಮೇಲೆ ನಾಲ್ಕನೆಯವನು ಬ್ಯಾಗಿನಿಂದ ಆ ಮಾಡ್ಯೂಲ್ ತೆಗೆದು ಪವರ್ ಬ್ಯಾಂಕಿಗೆ ಸಿಕ್ಕಿಸಿದ. ಅದನ್ನು ಅವನು ತಂದದ್ದೇ ನಮಗೆ ಗೊತ್ತಿರಲಿಲ್ಲ. ಬಯಲು, ಮೇಲೆ ಖಾಲಿ ಆಕಾಶ, ಒಂದು ನಿಮಿಷದಲ್ಲಿ ಫಿಕ್ಸ್ ಸಿಕ್ತು: 13.21 ಉತ್ತರ, 75.99 ಪೂರ್ವ. ಮಾಡ್ಯೂಲ್‌ನಲ್ಲಿ ಏನೂ ದೋಷ ಇರಲಿಲ್ಲ. ಅದು ಜಿಪಿಎಸ್ ಮಾಡ್ಯೂಲ್, ಜಿಪಿಎಸ್ ಕೆಲಸ ಮಾಡ್ತಿತ್ತು. ಸುಳ್ಳು ಇದ್ದದ್ದು ಪೋಸ್ಟರಿನಲ್ಲಿ, ಪೋಸ್ಟರ್ ಬರೆದದ್ದು ಉಳಿದ ಮೂವರು.

ಹಾಸನದಿಂದ ರಾತ್ರಿ ರೈಲಿನಲ್ಲಿ ವಾಪಸ್ ಬರುವಾಗ ರಿಪೋರ್ಟಿನ ಮೊದಲ ಪುಟ ಮತ್ತೆ ಬರೆದ್ವಿ. ಶೀರ್ಷಿಕೆಯಿಂದ ನಾವಿಕ್ ತೆಗೆದಿದ್ದೇವೆ. ಮೊದಲ ರಿವ್ಯೂನಲ್ಲಿ ಏನು ತಪ್ಪಾಯ್ತು ಅಂತ ಒಂದು ಪ್ಯಾರಾ ಸೇರಿಸಿದ್ದೇವೆ, ಕೆಳಗೆ ನಾಲ್ಕು ಹೆಸರು. ಅವನು ಇಯರ್‌ಫೋನ್ ತೆಗೆದು ಅದನ್ನು ಓದಿ, ಎಲ್5 ಹಿಡಿಯೋ ಮಾಡ್ಯೂಲಿನ ಬೆಲೆ ಕೇಳಿದ. ನಮ್ಮ ಬಜೆಟ್ಟಿಗೆ ಸಿಗಲ್ಲ. ಎರಡನೇ ರಿವ್ಯೂ ಮುಂದಿನ ತಿಂಗಳು 14ಕ್ಕೆ.